ಮೊಬೈಲ್‌ನಲ್ಲಿ ಇಂಗ್ಲಿಷ್ ಓದಿಸೋದು ಹೇಗೆ? ಮೊದಲು ಹೆಬ್ಬೆರಳು ನೋಡಿ

ಮುಂಬಯಿಯ ಮಾಟುಂಗದಲ್ಲಿ ಗೆಳತಿಯ ಮನೆಯಲ್ಲಿ ವಾರಕ್ಕೆ ಎರಡು ದಿನ, ಮಧ್ಯಾಹ್ನ ಮೂರರಿಂದ ನಾಲ್ಕು, ಏಳೆಂಟು ಜನ ಸೇರುತ್ತೇವೆ. ಹೋಟೆಲಿನವರಿಗೆ ಅದೊಂದೇ ಹೊತ್ತು ಬಿಡುವು. ಊಟದ ಗಲಾಟೆ ಮುಗಿದಿರುತ್ತದೆ, ಸಂಜೆ ಚಾದ ಗಲಾಟೆ ಶುರುವಾಗಿರುವುದಿಲ್ಲ. ಕೌಂಟರ್‌ನಲ್ಲಿ ಕೂರುವ ಹುಡುಗರು, ಮನೆಯಲ್ಲೇ ಊಟದ ಡಬ್ಬಾ ಮಾಡಿ ಕೊಡುವ ಇಬ್ಬರು ಹೆಂಗಸರು, ಕನ್ನಡ ಮಾಧ್ಯಮದಲ್ಲಿ ಹತ್ತನೇ ಕ್ಲಾಸು ಮುಗಿಸಿ ಈಗ ಕೊರಿಯರ್ ಕೆಲಸದಲ್ಲಿರುವ ಒಬ್ಬ. ಎಲ್ಲರಿಗೂ ಇಂಗ್ಲಿಷ್ ಓದೋದು ಬರಬೇಕು. ಎಲ್ಲರ ಹತ್ತಿರವೂ ಇರುವ ಪುಸ್ತಕ ಒಂದೇ, ಮೊಬೈಲ್.

ಮೊದಲು ನಾನು ಮಾಡಿದ್ದು ಶುದ್ಧ ದಡ್ಡತನ. ಇಪ್ಪತ್ತು ಪುಟದ ಒಂದು ಪಿಡಿಎಫ್ ವಾಟ್ಸಾಪ್‌ಗೆ ಹಾಕಿ "ಮುಂದಿನ ವಾರಕ್ಕೆ ಓದಿಕೊಂಡು ಬನ್ನಿ" ಅಂದೆ. ನೀಲಿ ಟಿಕ್ ಬಂತು, ಥಂಬ್ಸ್ ಅಪ್ ಬಂತು. ವಾರದ ಮೇಲೆ ಕೇಳಿದರೆ ಕುಂದಾಪುರದ ಕಡೆಯ ಹುಡುಗ ತಲೆ ಕೆರೆದುಕೊಂಡು, "ಓದದ್ದೇನೋ ಓದ್ದೆ ಅಕ್ಕ, ಎಂತ ಓದದ್ ಅಂದೇಳಿ ಗೊತ್ತಾಯ್ಲ" ಅಂದ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಇನ್ನೊಮ್ಮೆ ಓದಲು ಹೇಳಿ, ಅವನ ಮುಖ ನೋಡದೆ ಹೆಬ್ಬೆರಳನ್ನೇ ನೋಡುತ್ತ ಕೂತೆ. ಮೊದಲ ಸ್ಕ್ರೀನ್‌ನಲ್ಲಿ ಬೆರಳು ಸುಮ್ಮನಿತ್ತು. ಎರಡನೆಯದರಲ್ಲಿ ಪುಟ ಅತ್ತ ಇತ್ತ ಸರಿಸಿತು, ಹಿಗ್ಗಿಸಿತು, ಮತ್ತೆ ಕುಗ್ಗಿಸಿತು. ಮೂರನೆಯದರಲ್ಲಿ ಸರ್ರನೆ ಮೇಲಕ್ಕೆ ಓಡಿತು. ಅಲ್ಲಿಗೆ ಓದು ನಿಂತಿತ್ತು, ಕಣ್ಣು ಮಾತ್ರ ಸ್ಕ್ರೀನ್ ಮೇಲಿತ್ತು.

ಕಲಿಯುವವರನ್ನು ಮೊಬೈಲ್‌ನಲ್ಲಿ ಓದಿಸಬೇಕು ಅಂತಿರುವ ಯಾರಿಗೇ ಆಗಲಿ, ನಾನು ಮೊದಲು ಹೇಳುವುದು ಇದನ್ನೇ. ಬೆರಳು ಯಾವ ಜಾಗದಲ್ಲಿ ಓಡಲು ಶುರುಮಾಡುತ್ತದೆ ನೋಡಿ. ಆ ಜಾಗದಲ್ಲಿ ಏನಿದೆ ಅನ್ನೋದನ್ನು ಸರಿಮಾಡಿ. ಆಸಕ್ತಿ ಇಲ್ಲ, ಶಿಸ್ತು ಇಲ್ಲ ಅಂತ ಬೈಯೋದು ಆಮೇಲೆ ಇದ್ದೇ ಇದೆ.

ಮೊದಲು ಫೋನ್ ಸರಿಮಾಡಿ

ಇದಕ್ಕೆ ಹತ್ತು ನಿಮಿಷ ಸಾಕು, ಆದರೆ ನೀವೇ ಪಕ್ಕದಲ್ಲಿ ಕೂತು ಮಾಡಿಕೊಡಬೇಕು. "ಸೆಟ್ಟಿಂಗ್ಸ್‌ಗೆ ಹೋಗಿ ಮಾಡ್ಕೊಳ್ಳಿ" ಅಂದರೆ ಯಾರೂ ಮಾಡುವುದಿಲ್ಲ.

ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಅಕ್ಷರದ ಗಾತ್ರ ಒಂದು ಮೆಟ್ಟಿಲು ಏರಿಸಿ. ಜಾಸ್ತಿ ಬೇಡ. ತೀರಾ ದೊಡ್ಡದಾದರೆ ಒಂದು ಸಾಲಿಗೆ ಮೂರೇ ಪದ ಹಿಡಿದು ವಾಕ್ಯ ಚೂರು ಚೂರಾಗುತ್ತದೆ. ಆಂಡ್ರಾಯ್ಡ್ ವಾಟ್ಸಾಪ್‌ನಲ್ಲಿ ಚಾಟ್ಸ್ ಒಳಗೆ ಬೇರೆಯೇ ಫಾಂಟ್ ಸೈಜ್ ಇದೆ, ಅದನ್ನೂ ನೋಡಿ. ಕ್ರೋಮ್‌ನಲ್ಲಿ ಮೂರು ಚುಕ್ಕಿ ಒತ್ತಿದರೆ ರೀಡಿಂಗ್ ಮೋಡ್ ಸಿಗುತ್ತದೆ, ಐಫೋನ್ ಇದ್ದವರಿಗೆ ಸಫಾರಿಯಲ್ಲಿ ರೀಡರ್. ಜಾಹೀರಾತು, ಪಕ್ಕದ ಪಟ್ಟಿ, ಕುಣಿಯುವ ವಿಡಿಯೊ ಎಲ್ಲ ಮಾಯವಾಗಿ ಬರಹ ಮಾತ್ರ ಉಳಿಯುತ್ತದೆ. ಹೊಸದಾಗಿ ಕಲಿಯುವವರಿಗೆ ಇದು ದೊಡ್ಡ ಉಪಕಾರ. ಯಾವುದು ಲೇಖನ, ಯಾವುದು ಜಾಹೀರಾತು ಅಂತ ಗುರುತಿಸೋದೂ ಅವರ ಪಾಲಿಗೆ ಇಂಗ್ಲಿಷ್ ಓದುವ ಕೆಲಸವೇ ಅಲ್ವಾ.

ಗೂಗಲ್ ಟ್ರಾನ್ಸ್‌ಲೇಟ್ ಹಾಕಿ, ಕನ್ನಡವನ್ನು ಆಫ್‌ಲೈನ್‌ಗೆ ಡೌನ್‌ಲೋಡ್ ಮಾಡಿಡಿ. ಆಂಡ್ರಾಯ್ಡ್ ಆದರೆ ಅದರಲ್ಲೇ ಟ್ಯಾಪ್ ಟು ಟ್ರಾನ್ಸ್‌ಲೇಟ್ ಆನ್ ಮಾಡಿ. ಓದುತ್ತಿರುವ ಜಾಗ ಬಿಟ್ಟು ಹೋಗದೆ ಅರ್ಥ ನೋಡಬಹುದು. ಲೋಕಲ್ ಟ್ರೈನ್‌ನಲ್ಲಿ ನೆಟ್‌ವರ್ಕ್ ಬರುತ್ತದೆ, ಹೋಗುತ್ತದೆ. ಆ ಗೋಲ ಚಕ್ರ ಸುತ್ತಲು ಶುರುವಾದರೆ ಬೆರಳು ಸೀದಾ ರೀಲ್ಸ್‌ಗೆ ಹೋಗುತ್ತದೆ, ವಾಪಸ್ ಬರೋದಿಲ್ಲ. ಓದಬೇಕಾದ ಪುಟವನ್ನು ಮನೆಯಲ್ಲೇ ಕ್ರೋಮ್‌ನ ಡೌನ್‌ಲೋಡ್ ಬಾಣ ಒತ್ತಿ ಇಳಿಸಿಕೊಳ್ಳಲು ಹೇಳಿಕೊಡಿ. ಇನ್ನು ಓದುವ ಹೊತ್ತಿಗೆ ಡು ನಾಟ್ ಡಿಸ್ಟರ್ಬ್. ಹೋಟೆಲಿನ ಹುಡುಗರಿಗೆ ಮಾಲೀಕರ ಫೋನ್ ಬರಲೇಬೇಕು, ಅವರ ನಂಬರ್‌ಗೆ ಮಾತ್ರ ರಿಯಾಯಿತಿ ಕೊಡಿ, ಇಲ್ಲದಿದ್ದರೆ ನಾಳೆಯಿಂದ ಹುಡುಗ ಬರೋದೇ ಇಲ್ಲ.

ಪಿಡಿಎಫ್ ಕಳಿಸಬೇಡಿ. ಅದು ಕಾಗದದ ಅಳತೆಗೆ ಕಟ್ಟಿದ್ದು, ಫೋನಿನ ಅಗಲಕ್ಕೆ ಮಡಚಿಕೊಳ್ಳೋದಿಲ್ಲ. ಒಂದು ಸಾಲು ಓದಲು ಪುಟವನ್ನು ಬಲಕ್ಕೆ ಎಳೆಯಬೇಕು, ಮುಂದಿನ ಸಾಲಿಗೆ ಮತ್ತೆ ಎಡಕ್ಕೆ. ಪೇಪರ್ ಕಟಿಂಗ್ ಫೋಟೊ ಕಳಿಸೋದೂ ಅಷ್ಟೇ. ಅಲ್ಲಿ ಪದ ಒತ್ತಿದರೆ ಅರ್ಥ ಬರುವುದಿಲ್ಲ, ಗೂಗಲ್ ಲೆನ್ಸ್ ಹಾಕಿ ತೆಗೆಯಬೇಕು, ಅಷ್ಟರಲ್ಲಿ ವಿಕ್ರೋಳಿ ಸ್ಟೇಷನ್ ಬಂದಿರುತ್ತದೆ. ಪುಸ್ತಕವೇ ಬೇಕಿದ್ದರೆ ಇಪಬ್ ಹುಡುಕಿ, ಅದು ಫೋನಿನ ಅಗಲಕ್ಕೆ ತಾನೇ ಹೊಂದಿಕೊಳ್ಳುವ ಫೈಲ್. ನಾಲ್ಕು ಸಾಲಿನದಾದರೆ ಟೈಪ್ ಮಾಡಿ ಮೆಸೇಜಾಗಿಯೇ ಕಳಿಸಿ. ಮೆಸೇಜ್ ತೀರಾ ಉದ್ದವಾದರೆ ವಾಟ್ಸಾಪ್ ಅದನ್ನು ಕತ್ತರಿಸಿ ಕೆಳಗೆ ರೀಡ್ ಮೋರ್ ಅಂತ ಹಾಕುತ್ತದೆ. ನಮ್ಮ ಗುಂಪಿನ ಅರ್ಧ ಜನ ಅದನ್ನು ಒತ್ತಿದ್ದೇ ಇಲ್ಲ ಅಂತ ನನಗೆ ಗೊತ್ತಾಗಲು ಮೂರು ತಿಂಗಳು ಬೇಕಾಯಿತು! ಕಥೆ ಅಲ್ಲಿಗೇ ಮುಗಿಯಿತು ಅಂದುಕೊಂಡಿದ್ದರು ಪಾಪ.

ಒಂದು ಸ್ಕ್ರೀನಿಗೆ ಎರಡು ಪದ

ಏನು ಓದಿಸಬೇಕು ಅನ್ನೋದಕ್ಕೆ ನನ್ನ ಲೆಕ್ಕ ಸರಳ. ಹೂ ಮತ್ತು ಪಾಲ್ ನೇಷನ್ ಅನ್ನುವ ಇಬ್ಬರು ಸಂಶೋಧಕರು 2000ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಯಾರ ಸಹಾಯವೂ ಇಲ್ಲದೆ ಕಥೆ ಅರ್ಥವಾಗಬೇಕಾದರೆ ಅದರಲ್ಲಿರುವ ಪದಗಳಲ್ಲಿ ಸುಮಾರು 98 ಶೇಕಡ ಗೊತ್ತಿರಬೇಕು ಅನ್ನೋದು ಅವರು ಕಂಡುಕೊಂಡದ್ದು. ಅಂದರೆ ಐವತ್ತು ಪದಕ್ಕೆ ಗೊತ್ತಿಲ್ಲದ್ದು ಒಂದು. ಫೋನಿನ ಒಂದು ಸ್ಕ್ರೀನ್‌ನಲ್ಲಿ ಹೆಚ್ಚುಕಮ್ಮಿ ನೂರು ಪದ ಕೂರುತ್ತವೆ ಅಂತಿಟ್ಟುಕೊಳ್ಳಿ. ಹಾಗಾದರೆ ಸ್ಕ್ರೀನಿಗೆ ಎರಡೇ ಹೊಸ ಪದ. ಓದುವವರಿಗೆ ಹೀಗೆ ಹೇಳಿ: "ಮೊದಲ ಸ್ಕ್ರೀನ್ ಓದಿ, ಗೊತ್ತಿಲ್ಲದ ಪದಕ್ಕೆ ಒಂದೊಂದು ಬೆರಳು ಮಡಚಿ." ಎರಡು ಬೆರಳು ಮಡಚಿದರೆ ಸರಿ. ಮೂರೋ ನಾಲ್ಕೋ ಆದರೆ ನೀವು ಜೊತೆಯಲ್ಲಿರಬೇಕು. ನಾಲ್ಕು ದಾಟಿದರೆ ಆ ಬರಹ ಈಗ ಬೇಡ, ಆರು ತಿಂಗಳ ಮೇಲೆ ನೋಡೋಣ.

ಈ ಅಳತೆಗೆ ಸಿಗುವಂಥದ್ದು ಬೇಕಾದಷ್ಟಿದೆ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಅನ್ನುವ ಮಕ್ಕಳ ಕಥೆಗಳ ವೆಬ್‌ಸೈಟ್ 2015ರಿಂದ ಇದೆ, ಕಾಸಿಲ್ಲ. ಕಥೆಗಳನ್ನು ನಾಲ್ಕು ಮಟ್ಟಗಳಲ್ಲಿ ವಿಂಗಡಿಸಿದ್ದಾರೆ, ಎಷ್ಟೋ ಕಥೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಸಿಗುತ್ತವೆ. ಮೊದಲು ಕನ್ನಡದಲ್ಲಿ ಓದಿ ಆಮೇಲೆ ಅದೇ ಕಥೆ ಇಂಗ್ಲಿಷಿನಲ್ಲಿ ಓದಿದರೆ ಅರ್ಧ ಭಯ ಹೋಗುತ್ತದೆ. ಬ್ರಿಟಿಷ್ ಕೌನ್ಸಿಲ್‌ನ ಲರ್ನ್‌ಇಂಗ್ಲಿಷ್‌ನಲ್ಲಿ ಎ1, ಎ2 ಅಂತ ಆರಂಭದ ಮಟ್ಟ ಹಾಕಿದ ಓದುವ ಪಾಠಗಳಿವೆ. ಸಿಂಪಲ್ ಇಂಗ್ಲಿಷ್ ವಿಕಿಪೀಡಿಯಾ ಅಂತ ಒಂದಿದೆ, ವಿಷಯ ದೊಡ್ಡವರದ್ದು, ಭಾಷೆ ಸುಲಭದ್ದು. ಇದೇನು ಹೊಸ ಐಡಿಯಾ ಅಲ್ಲ. ವಾಯ್ಸ್ ಆಫ್ ಅಮೆರಿಕ ರೇಡಿಯೊ 1959ರಲ್ಲೇ ಸುಮಾರು 1,500 ಪದಗಳ ಒಳಗೆ, ಚಿಕ್ಕ ವಾಕ್ಯಗಳಲ್ಲಿ, ನಿಧಾನವಾಗಿ ಸುದ್ದಿ ಓದಲು ಶುರುಮಾಡಿತ್ತು.

ದೊಡ್ಡವರಿಗೆ ಮಕ್ಕಳ ಕಥೆ ಕೊಟ್ಟರೆ ಅವಮಾನ ಆಗೋದಿಲ್ವಾ? ಆಗುತ್ತದೆ. ಮೂವತ್ತೈದು ವರ್ಷದವನ ಕೈಗೆ ಆನೆಮರಿ ಕಥೆ ಕೊಟ್ಟರೆ ಟ್ರೈನ್‌ನಲ್ಲಿ ಪಕ್ಕದವನು ಇಣುಕುತ್ತಾನೆ ಅಂತ ಫೋನ್ ಎದೆಗೆ ಒತ್ತಿಕೊಳ್ಳುತ್ತಾನೆ. ನಮ್ಮಲ್ಲಿ ಒಬ್ಬರು ಇದಕ್ಕೊಂದು ದಾರಿ ಕಂಡುಕೊಂಡರು. ಹೆಂಡತಿ, ಮಗಳು ಊರಲ್ಲಿ. ರಾತ್ರಿ ಹೋಟೆಲ್ ಮುಚ್ಚಿದ ಮೇಲೆ ಕಥೆಯನ್ನು ತಾವು ಎರಡು ಸಲ ಓದಿಕೊಂಡು, ಮರುದಿನ ಬೆಳಿಗ್ಗೆ ವಿಡಿಯೊ ಕಾಲ್‌ನಲ್ಲಿ ಮಗಳಿಗೆ ಓದಿ ಹೇಳುತ್ತಾರೆ. ಅವಳು ನಡುವೆ ಅಪ್ಪನ ಉಚ್ಚಾರಣೆ ತಿದ್ದುತ್ತಾಳೆ. ಈ ಮನುಷ್ಯ ಒಂದು ದಿನವೂ ತಪ್ಪಿಸಿಲ್ಲ. ಗುಂಪಿನಲ್ಲಿ ಉಳಿದ ಯಾರಿಂದಲೂ ನಾನು ಇದನ್ನು ಮಾಡಿಸಲಾಗಲಿಲ್ಲ, ಅದೂ ನಿಜ.

ಅವರಿಗೆ ಬೇಕಾದ ಇಂಗ್ಲಿಷ್ ಅವರ ಫೋನಲ್ಲೇ ಇದೆ

ನಮ್ಮಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದು ಯಾವ ಆ್ಯಪೂ ಅಲ್ಲ, ಗೂಗಲ್ ಮ್ಯಾಪ್ಸ್‌ನ ರಿವ್ಯೂಗಳು. ಕೌಂಟರ್ ಹುಡುಗ ಕೆಲಸ ಮಾಡುವ ಹೋಟೆಲಿಗೇ ಜನ ಬರೆದದ್ದು. ಎರಡು ಸಾಲು, ಮೂರು ಸಾಲು. ಸಾಂಬಾರ್ ವಾಸ್ ಕೋಲ್ಡ್ ಬಟ್ ದಿ ಸ್ಟಾಫ್ ವಾಸ್ ಪೊಲೈಟ್, ಹ್ಯಾಡ್ ಟು ವೇಟ್ ಟ್ವೆಂಟಿ ಮಿನಿಟ್ಸ್, ಈ ಥರದ್ದು. ಪದಗಳು ಅವೇ ಅವೇ ಮತ್ತೆ ಬರುತ್ತವೆ: ಕೋಲ್ಡ್, ಕ್ರೌಡೆಡ್, ವೇಟ್, ವರ್ತ್, ಸರ್ವಿಸ್. ಒಂದು ವಾರ ದಿನಕ್ಕೆ ಐದು ರಿವ್ಯೂ ಓದಿದರೆ ಆ ಪದಗಳು ತಾವಾಗಿಯೇ ತಲೆಗೆ ಹತ್ತುತ್ತವೆ. ಅದಕ್ಕಿಂತ ಮುಖ್ಯವಾದದ್ದು, ಸಾಂಬಾರ್ ತಣ್ಣಗಿತ್ತು ಅಂದವನು ಯಾವ ದಿನ ಬಂದಿದ್ದ, ಅವತ್ತು ಅಡುಗೆಮನೆಯಲ್ಲಿ ಯಾರಿದ್ದರು ಅಂತ ತಿಳಿಯಬೇಕು ಅನ್ನುವ ಚಪಲ! ಆಗ ಹೆಬ್ಬೆರಳು ಓಡುವುದಿಲ್ಲ, ನಿಂತು ನಿಂತು ಹೋಗುತ್ತದೆ.

ಡಬ್ಬಾದ ಹೆಂಗಸರಿಗೆ ಗಿರಾಕಿಗಳ ಮೆಸೇಜ್ ಮತ್ತು ಮಸಾಲೆ ಪ್ಯಾಕೆಟ್‌ನ ಹಿಂದಿನ ಬರಹ. ಕೊರಿಯರ್ ಹುಡುಗನಿಗೆ ಕ್ರಿಕೆಟ್. ಯಾರಿಗೆ ಏನು ಬೇಕು ಅಂತ ಕೇಳಬೇಡಿ, "ಇಂಗ್ಲಿಷ್ ಬೇಕು ಅಕ್ಕ" ಅಂತ ಮಾತ್ರ ಹೇಳುತ್ತಾರೆ. ನಿನ್ನೆ ಫೋನಲ್ಲಿ ಏನು ನೋಡಿದೆ ಅಂತ ಕೇಳಿ.

ಸ್ಟೇಷನ್ ಲೆಕ್ಕದಲ್ಲಿ ಕತ್ತರಿಸಿ

ದಿನಕ್ಕೆ ಅರ್ಧ ಗಂಟೆ ಓದಿ ಅಂತ ಹೇಳುವುದು ಸುಲಭ. ಮುಂಬಯಿಯಲ್ಲಿ ಅರ್ಧ ಗಂಟೆ ಯಾರ ಹತ್ತಿರವೂ ಇಲ್ಲ, ಸ್ಟೇಷನ್‌ಗಳಿವೆ. ಡೊಂಬಿವಲಿಯಿಂದ ಸ್ಲೋ ಲೋಕಲ್ ಹತ್ತಿದರೆ ಠಾಣೆ ತನಕ ಕೈ ಎತ್ತಲೂ ಜಾಗ ಇರುವುದಿಲ್ಲ, ಆಗ ಓದು ಬೇಡ, ಇಯರ್‌ಫೋನ್ ಸಾಕು. ಠಾಣೆಯಲ್ಲಿ ಒಂದಷ್ಟು ಜನ ಇಳಿದು ಅದೃಷ್ಟ ಇದ್ದರೆ ಒಂಚೂರು ಜಾಗ ಸಿಗುತ್ತದೆ. ಮುಲುಂಡ್‌ನಿಂದ ಘಾಟ್ಕೋಪರ್ ಒಳಗೆ ಓದಿನ ಒಂದು ತುಂಡು, ಘಾಟ್ಕೋಪರ್‌ನಿಂದ ಮಾಟುಂಗದೊಳಗೆ ಇನ್ನೊಂದು ತುಂಡು. ಪ್ರತಿ ತುಂಡೂ ಅಲ್ಲಿಗೆ ಮುಗಿಯಬೇಕು, "ಮುಂದುವರಿಯುವುದು" ಇರಬಾರದು. ನಡುವೆ ನಿಂತ ಓದನ್ನು ಸಂಜೆ ಮತ್ತೆ ಹಿಡಿಯುವವರು ಕಡಿಮೆ, ಆದರೆ ಮುಗಿಸಿದವರು ಇನ್ನೊಂದು ತೆಗೆಯುತ್ತಾರೆ.

ತುಂಡಿನ ಜೊತೆ ಒಂದೇ ಒಂದು ಪ್ರಶ್ನೆ ಮೊದಲೇ ಕಳಿಸಿ, ಅದೂ ಕನ್ನಡದಲ್ಲಿ. "ಈ ಗಿರಾಕಿ ಮತ್ತೆ ಬರ್ತಾನೋ ಇಲ್ವೋ?" ಅಷ್ಟೇ. ಓದುವವರು ಏನನ್ನೋ ಹುಡುಕುತ್ತ ಓದಬೇಕು. ಕೊನೆಯಲ್ಲಿ ಐದು ಪ್ರಶ್ನೆ ಕೇಳಿದರೆ ಅದು ಪರೀಕ್ಷೆ, ಶಾಲೆ ಬಿಟ್ಟವರಿಗೆ ಪರೀಕ್ಷೆಯ ವಾಸನೆ ಬಹಳ ದೂರದಿಂದಲೇ ಬರುತ್ತದೆ.

ವಾಕ್ಯ ಎಲ್ಲಿ ಮುರಿಯುತ್ತದೆ

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಕನ್ನಡದವರು ಇಂಗ್ಲಿಷ್ ಓದುವಾಗ ಎಡವುವ ಒಂದು ಜಾಗ ಇದೆ, ಫೋನಿನಲ್ಲಿ ಅದು ಇನ್ನೂ ಜಾಸ್ತಿ.

ನಮ್ಮ ವಾಕ್ಯದಲ್ಲಿ ವಿವರವೆಲ್ಲ ಮೊದಲು, ಆಸಾಮಿ ಆಮೇಲೆ. "ನಿನ್ನೆ ಅಮ್ಮನ ಜೊತೆ ಬಂದಿದ್ದವನು ಕೊಡೆ ಇಲ್ಲೇ ಬಿಟ್ಟು ಹೋಗಿದ್ದಾನೆ." ಏನಾಯಿತು ಅನ್ನೋದು ಕೊನೆಗೆ ಬರುತ್ತದೆ, ನಾವು ಅದಕ್ಕಾಗಿ ಕಾಯುತ್ತೇವೆ. ಇಂಗ್ಲಿಷ್ ಉಲ್ಟಾ. ದಿ ಮ್ಯಾನ್ ಅಂತ ಆಸಾಮಿಯನ್ನು ಮೊದಲು ನಿಲ್ಲಿಸಿ, ಹೂ ಕೇಮ್ ಯೆಸ್ಟರ್‌ಡೇ ವಿತ್ ಹಿಸ್ ಮದರ್ ಅಂತ ಬಾಲ ಕಟ್ಟಿ, ಆಮೇಲೆ ಲೆಫ್ಟ್ ಹಿಸ್ ಅಂಬ್ರೆಲಾ ಹಿಯರ್ ಅನ್ನುತ್ತದೆ. ಫೋನಿನ ಸಣ್ಣ ಸಾಲಲ್ಲಿ ದಿ ಮ್ಯಾನ್ ಮೇಲೆಲ್ಲೋ ಉಳಿಯುತ್ತದೆ, ಮದರ್ ಮತ್ತು ಲೆಫ್ಟ್ ಅಕ್ಕಪಕ್ಕ ಕೂರುತ್ತವೆ. ಈ ವಾಕ್ಯ ಕೊಟ್ಟು "ಕೊಡೆ ಬಿಟ್ಟದ್ದು ಯಾರು?" ಅಂತ ಕೇಳಿದೆ. ಏಳು ಜನರಲ್ಲಿ ಐದು ಜನ "ಅಮ್ಮ" ಅಂದರು. ಒಂದೊಂದು ಪದವೂ ಅವರಿಗೆ ಗೊತ್ತಿತ್ತು!

ಇದಕ್ಕೆ ಮದ್ದು ತುಂಬಾ ಸುಲಭ. ನೀವೇ ಟೈಪ್ ಮಾಡಿ ಕಳಿಸುವಾಗ ಅರ್ಥ ಮುರಿಯುವ ಕಡೆ ಎಂಟರ್ ಒತ್ತಿ:

ದಿ ಮ್ಯಾನ್
ಹೂ ಕೇಮ್ ಯೆಸ್ಟರ್‌ಡೇ ವಿತ್ ಹಿಸ್ ಮದರ್
ಲೆಫ್ಟ್ ಹಿಸ್ ಅಂಬ್ರೆಲಾ ಹಿಯರ್.

ಎರಡು ವಾರ ಹೀಗೆ ಕಳಿಸಿ. ಮೂರನೇ ವಾರ ನೀವು ಮುರಿಯಬೇಡಿ, ಮುರಿಯದೆ ಕಳಿಸಿ ಅವರೇ ಮುರಿದು ವಾಪಸ್ ಕಳಿಸಲಿ. ಫೋನಿನಲ್ಲಿ ಮಾತ್ರ ಮಾಡಬಹುದಾದ ವ್ಯಾಯಾಮ ಇದು, ಪುಸ್ತಕದಲ್ಲಿ ಸಾಲು ಮುರಿಯಲು ಆಗುವುದಿಲ್ಲವಲ್ಲ. ಕೈಗೆ ಕೆಲಸ ಇದ್ದಾಗ ಕಣ್ಣೂ ಅಲ್ಲೇ ಇರುತ್ತದೆ.

ಅರ್ಥ ನೋಡೋದು ಯಾವಾಗ

ಪದ ಒತ್ತಿದರೆ ಅರ್ಥ ಬರುತ್ತದೆ ಅಂತ ಗೊತ್ತಾದ ಮೇಲೆ ಕೆಲವರು ಎಲ್ಲವನ್ನೂ ಒತ್ತುತ್ತಾರೆ. ಆಗ ಅವರು ಓದುತ್ತಿರುವುದು ಕಥೆಯಲ್ಲ, ಡಿಕ್ಷನರಿ. ನಮ್ಮಲ್ಲಿ ನಿಯಮ ಹೀಗಿದೆ: ಮೊದಲ ಸಲ ಓದುವಾಗ ಒಂದನ್ನೂ ಒತ್ತಬಾರದು, ಊಹಿಸಬೇಕು. ಎರಡನೇ ಸಲ ಮೂರು ಪದ ಒತ್ತಬಹುದು, ಅದರಲ್ಲಿ ಒಂದನ್ನು ವಾಟ್ಸಾಪ್ ಗುಂಪಿಗೆ ಹಾಕಬೇಕು, ಅದಿದ್ದ ವಾಕ್ಯದ ಸಮೇತ. ಬರೀ ಪದ ಹಾಕಿದರೆ ಲೆಕ್ಕಕ್ಕಿಲ್ಲ. ಹೀಗೆ ಬಂದದ್ದನ್ನು ನಾನು ಮರುದಿನ ಒಮ್ಮೆ, ನಾಲ್ಕು ದಿನ ಬಿಟ್ಟು ಒಮ್ಮೆ, ಎರಡು ವಾರ ಬಿಟ್ಟು ಒಮ್ಮೆ ವಾಪಸ್ ಕಳಿಸುತ್ತೇನೆ. ಇದನ್ನು ತಾನಾಗಿಯೇ ಮಾಡುವ ಆಂಕಿ ಅಂತ ಆ್ಯಪ್ ಇದೆ, ಆಂಡ್ರಾಯ್ಡ್‌ನಲ್ಲಿ ಆಂಕಿಡ್ರಾಯ್ಡ್ ಹೆಸರಲ್ಲಿ ಪುಕ್ಕಟೆ ಸಿಗುತ್ತದೆ. ನಮ್ಮವರಿಗೆ ವಾಟ್ಸಾಪ್ ಬಿಟ್ಟು ಇನ್ನೊಂದು ಆ್ಯಪ್ ಅಂದರೆ ಅಲರ್ಜಿ, ನಾನು ಒತ್ತಾಯ ಮಾಡಲಿಲ್ಲ.

ಎರಡು ಮೂರು ಪದ ಸೇರಿ ಒಂದೇ ಅರ್ಥ ಕೊಡುವ ಕಡೆ ಎಚ್ಚರಿಕೆ. ವಿ ಹ್ಯಾವ್ ರನ್ ಔಟ್ ಆಫ್ ಇಡ್ಲಿ, ಅಂದರೆ ಇಡ್ಲಿ ಖಾಲಿ. ರನ್ ಒಂದನ್ನೇ ಒತ್ತಿದರೆ "ಓಡು" ಬರುತ್ತದೆ. ನಮ್ಮ ಹುಡುಗ "ನಾವು ಇಡ್ಲಿಯಿಂದ ಹೊರಗೆ ಓಡಿದೆವು" ಅಂತ ಗಂಭೀರವಾಗಿ ಓದಿದ, ಹತ್ತು ನಿಮಿಷ ಕ್ಲಾಸು ನಡೆಯಲಿಲ್ಲ. ಅರ್ಥ ಅಡ್ಡಾದಿಡ್ಡಿ ಅನ್ನಿಸಿದರೆ ಆ ಪದದ ಮುಂದಿನ ಚಿಕ್ಕ ಪದಗಳನ್ನೂ ಸೇರಿಸಿ ಸೆಲೆಕ್ಟ್ ಮಾಡಿ ನೋಡಬೇಕು. ಔಟ್, ಅಪ್, ಆಫ್, ಆನ್, ಇವುಗಳನ್ನು ಕಂಡರೆ ಸಂಶಯ ಬರುವ ಹಾಗೆ ತಯಾರು ಮಾಡಿ.

ಕಿವಿಯನ್ನೂ ಜೊತೆಗೆ ಕರೆದುಕೊಳ್ಳಿ

ಕನ್ನಡ ಬರೆದ ಹಾಗೆ ಓದುವ ಭಾಷೆ. ಆ ಅಭ್ಯಾಸದಲ್ಲಿ ಇಂಗ್ಲಿಷ್ ಓದಿದರೆ ಬಾಯಿಗೆ ಗೊತ್ತಿರುವ ಪದವೂ ಕಣ್ಣಿಗೆ ಅಪರಿಚಿತ. ದಿನಕ್ಕೆ ನೂರು ಸಲ "ರಿಸೀಟ್ ಬೇಕಾ" ಅಂತ ಕೇಳುವ ಹುಡುಗ, ಬರೆದದ್ದು ನೋಡಿ "ರಿಸಿಪ್ಟ್ ಅಂದ್ರೇನಕ್ಕ?" ಅಂದ. ಇಂಥ ಪದಗಳಿಗೆ ಡಿಕ್ಷನರಿ ಬೇಡ, ಕಿವಿ ಸಾಕು. ಆಂಡ್ರಾಯ್ಡ್ ಕ್ರೋಮ್‌ನ ಮೂರು ಚುಕ್ಕಿಯಲ್ಲಿ ಲಿಸನ್ ಟು ದಿಸ್ ಪೇಜ್ ಇದೆ. ಅದು ಓದುತ್ತ ಹೋಗುತ್ತದೆ, ಓದುತ್ತಿರುವ ಜಾಗವನ್ನು ಬಣ್ಣದಲ್ಲಿ ತೋರಿಸುತ್ತದೆ. ವೇಗ ಕಡಿಮೆ ಮಾಡಿಕೊಂಡು ಕಣ್ಣು ಮತ್ತು ಕಿವಿ ಎರಡನ್ನೂ ಒಟ್ಟಿಗೆ ಓಡಿಸಿ. ಇದರಲ್ಲಿ ಇನ್ನೊಂದು ಲಾಭ, ಧ್ವನಿ ಮುಂದೆ ಹೋಗುತ್ತಿರುವಾಗ ಹೆಬ್ಬೆರಳಿಗೆ ಓಡಲು ಸ್ವಾತಂತ್ರ್ಯ ಇಲ್ಲ.

ಲೋಕಲ್‌ನಲ್ಲಿ ನಾವು ದಿನಾ ಕೇಳುವ ಅನೌನ್ಸ್‌ಮೆಂಟ್ ನೋಡಿ. ಪುಢೀಲ್ ಸ್ಟೇಷನ್ ದಾದರ್, ಅಗಲಾ ಸ್ಟೇಷನ್ ದಾದರ್, ನೆಕ್ಸ್ಟ್ ಸ್ಟೇಷನ್ ದಾದರ್. ಮರಾಠಿ ಬಾರದೆ ಬಂದ ಎಷ್ಟು ಜನ ನಮ್ಮವರು "ಪುಢೀಲ್" ಅನ್ನೋದನ್ನು ಹೀಗೆ ಕಲಿತರು! ಒಂದೇ ಮಾತು, ಗೊತ್ತಿರುವ ಭಾಷೆಯ ಪಕ್ಕದಲ್ಲಿ, ದಿನಾ. ನಾನು ಕಳಿಸುವ ಕಠಿಣ ವಾಕ್ಯಗಳಿಗೂ ಇದೇ ಉಪಾಯ: ಮೊದಲು ಇಂಗ್ಲಿಷ್, ಕೆಳಗೆ ಕನ್ನಡ, ಮತ್ತೆ ಅದೇ ಇಂಗ್ಲಿಷ್ ನನ್ನ ದನಿಯಲ್ಲಿ ವಾಯ್ಸ್ ನೋಟ್.

ಒಬ್ಬರೇ ಓದಲು ಬಿಡಬೇಡಿ

ಹಿಂದೆ ಫೋರ್ಟ್ ಕಡೆಯ ಕನ್ನಡ ರಾತ್ರಿ ಶಾಲೆಗಳಲ್ಲಿ ಹಗಲೆಲ್ಲ ಹೋಟೆಲಿನಲ್ಲಿ ದುಡಿದ ಹುಡುಗರು ರಾತ್ರಿ ಬೆಂಚಿನ ಮೇಲೆ ಕೂತು ಓದಿದರು. ನಿದ್ದೆ ಬಂದರೆ ಪಕ್ಕದವನು ಮೊಣಕೈಯಲ್ಲಿ ತಿವಿಯುತ್ತಿದ್ದ. ಮೊಬೈಲ್ ಓದಿನಲ್ಲಿ ಇಲ್ಲದ್ದು ಆ ಮೊಣಕೈ. ಅದಕ್ಕೇ ಜೋಡಿ ಮಾಡಿ. ಇಬ್ಬರಿಗೂ ಒಂದೇ ತುಂಡು, ಓದಿದ ಮೇಲೆ ಒಬ್ಬರು ಇನ್ನೊಬ್ಬರಿಗೆ ಅರ್ಧ ನಿಮಿಷದ ವಾಯ್ಸ್ ನೋಟ್ ಕಳಿಸಬೇಕು: ಏನಿತ್ತು, ನಿನಗೇನನ್ನಿಸಿತು. ಕನ್ನಡದಲ್ಲಾಗಲಿ, ತುಳುವಿನಲ್ಲಾಗಲಿ ಪರವಾಗಿಲ್ಲ. ಓದಿದ್ದು ಅರ್ಥವಾಯಿತೋ ಇಲ್ಲವೋ ಅನ್ನೋದನ್ನು ಇಂಗ್ಲಿಷಿನಲ್ಲೇ ಹೇಳಬೇಕು ಅಂದರೆ ಓದಿದವರೂ ಬಾಯಿ ಮುಚ್ಚಿಕೊಳ್ಳುತ್ತಾರೆ. ಮಾತಾಡಲು ನಾಚಿಕೆ ಇರುವವರಿಗೆ ವಾಟ್ಸಾಪ್ ಪೋಲ್ ಹಾಕಿ: ಸಾಂಬಾರ್ ತಪ್ಪು ಯಾರದ್ದು, ಅಡುಗೆಯವರದ್ದೋ, ಸಪ್ಲೈಯರ್‌ದೋ, ಗಿರಾಕಿಯದ್ದೋ? ಜಗಳ ಶುರುವಾದರೆ ನೀವು ಗೆದ್ದಿರಿ. ತಮ್ಮ ಮಾತಿಗೆ ಸಾಕ್ಷಿ ಹುಡುಕಲು ಎಲ್ಲರೂ ಮತ್ತೆ ಅದೇ ರಿವ್ಯೂ ತೆಗೆದು ಓದುತ್ತಾರೆ.

ಸ್ಟ್ರೀಕ್ (ತಪ್ಪದೆ ಓದಿದ ದಿನಗಳ ಲೆಕ್ಕ), ಪಾಯಿಂಟ್, ಬ್ಯಾಡ್ಜ್ ಇವನ್ನೆಲ್ಲ ನಾನು ಬಿಟ್ಟುಬಿಟ್ಟೆ. ಒಂದು ದಿನ ತಪ್ಪಿ ಲೆಕ್ಕ ಸೊನ್ನೆಗೆ ಬಂದರೆ ಆ ಬೇಜಾರಲ್ಲಿ ಪೂರಾ ಬಿಟ್ಟವರನ್ನು ನೋಡಿದ್ದೇನೆ.

ಬಿಟ್ಟುಹೋದವರು ವಾಪಸ್ ಬಂದಾಗ

ಬಿಡುತ್ತಾರೆ. ಮೇ ತಿಂಗಳಲ್ಲಿ ಊರಿಗೆ ಹೋಗುತ್ತಾರೆ, ಮದುವೆ, ಕೋಲ, ಜಾತ್ರೆ. ಚೌತಿಗೆ ಮತ್ತೆ ಹೋಗುತ್ತಾರೆ. ವಾಪಸ್ ಬಂದು ಗುಂಪು ತೆರೆದರೆ ಓದದ ಮೆಸೇಜ್ ನೂರಾ ನಲವತ್ತು. ಅದನ್ನು ನೋಡಿಯೇ ಹೆಬ್ಬೆರಳು ಓಡುತ್ತದೆ. ಹಾಗಾಗಿ ಹಳೆಯದನ್ನೆಲ್ಲ ಓದಿ ಮುಗಿಸಿ ಅಂತ ಹೇಳಲೇಬೇಡಿ. ಅವರೊಬ್ಬರಿಗೇ ಪ್ರತ್ಯೇಕ ಮೆಸೇಜ್ ಮಾಡಿ, ಹೋಗುವ ಮೊದಲು ಅವರು ಚೆನ್ನಾಗಿ ಓದಿದ್ದ ಒಂದು ತುಂಡನ್ನೇ ಮತ್ತೆ ಕಳಿಸಿ, ಅದೇ ಪ್ರಶ್ನೆಯ ಜೊತೆ. ಎರಡು ನಿಮಿಷದಲ್ಲಿ ಓದಿ ಮುಗಿಸುತ್ತಾರೆ. ಜೂನ್‌ನಲ್ಲಿ ಕುಂದಾಪುರದ ಹುಡುಗನಿಗೆ ಹಾಗೇ ಆ ತಣ್ಣಗಿನ ಸಾಂಬಾರಿನ ರಿವ್ಯೂ ಕಳಿಸಿದೆ. "ಅಕ್ಕ, ಇದ್ ಹಳೇದ್" ಅಂತ ಬರೆದ. ಐದು ನಿಮಿಷ ಬಿಟ್ಟು ತಾನೇ ಒಂದು ಹೊಸ ರಿವ್ಯೂ ಹುಡುಕಿ ಗುಂಪಿಗೆ ಹಾಕಿದ್ದ, ಸಾಲು ಮುರಿದು.